ಬೆಂಗಳೂರು–ಮಂಗಳೂರು ವಿಮಾನ: ಗಾಳಿಯಲ್ಲಿ 42 ನಿಮಿಷ, ಮನೆಯಿಂದ ಮನೆಗೆ 7 ಗಂಟೆ

ಮೊಣಕಾಲಿನ ಆಪರೇಷನ್ ಆದ ಅಮ್ಮನನ್ನು ಪುತ್ತೂರಿಗೆ ಕರೆದುಕೊಂಡು ಹೋಗಬೇಕಿತ್ತು. ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿಯ ತಿರುವುಗಳನ್ನು ಅವರಿಗೆ ತಾಳಿಕೊಳ್ಳಲು ಆಗುವುದಿಲ್ಲವೆಂದು ವಿಮಾನವನ್ನೇ ಹಿಡಿದೆ.

ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ ಎಂದಿತ್ತು. ಅದು ಗೇಟಿನಿಂದ ಗೇಟಿಗೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು ಎಲ್ಲ ಅದರೊಳಗೇ. ನಮ್ಮದು ಎಟಿಆರ್, ಅಂದರೆ ರೆಕ್ಕೆಗೆ ಪಂಖವಿರುವ ಚಿಕ್ಕ ವಿಮಾನ. 2.52ಕ್ಕೆ ನೆಲ ಬಿಟ್ಟಿತು, 3.34ಕ್ಕೆ ಚಕ್ರ ತಾಗಿತು.

ಆದರೆ ಬನಶಂಕರಿಯ ಮನೆ ಬಿಟ್ಟದ್ದು ಬೆಳಿಗ್ಗೆ 10.30ಕ್ಕೆ! ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ಸಿಗೇ ಎರಡು ಗಂಟೆ ಹೋಯಿತು. ಬಜಪೆಯಿಂದ ಟ್ಯಾಕ್ಸಿಯಲ್ಲಿ ಪುತ್ತೂರು ಮುಟ್ಟುವಾಗ 5.30. ಸಮಯದ ಲೆಕ್ಕದಲ್ಲಿ ಬಸ್ಸಿಗಿಂತ ಲಾಭ ಏನೂ ಇಲ್ಲ.

ಆದರೂ ಮುಂದಿನ ಸಲವೂ ಇದನ್ನೇ ಹಿಡಿಯುತ್ತೇನೆ. ಗಾಲಿಕುರ್ಚಿ ಬೇಕೆಂದು ಮೊದಲೇ ಹೇಳಿದ್ದೆ. ಕುರ್ಚಿ ತಳ್ಳಿದ ಹುಡುಗ ಅಮ್ಮನ ಕಾಲನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟ ಎಂದರೆ, ನನಗೆ ಕಣ್ಣು ತುಂಬಿ ಬಂತು. ಎಟಿಆರ್‌ನ ರೆಕ್ಕೆ ಮೇಲಿರುವುದರಿಂದ ಕಿಟಕಿಗೆ ಅಡ್ಡವಿಲ್ಲ. ಘಟ್ಟದ ಕಾಡು ಮುಗಿದು ತೆಂಗು, ಅಡಿಕೆ ತೋಟ ಕಾಣತೊಡಗಿದಾಗ ಅಮ್ಮ ಗಾಜಿಗೆ ಹಣೆ ಒತ್ತಿ, "ಊರು ಬಂತು ಮಗಾ" ಎಂದರು.

ಬಜಪೆಯದು ಗುಡ್ಡದ ನೆತ್ತಿಯ ರನ್‌ವೇ. ಇಳಿಯುವಾಗ ನೆಲ ಒಮ್ಮೆಲೇ ಮೇಲೆದ್ದು ಬಂದಂತಾಗುತ್ತದೆ, ಹೆದರಬೇಡಿ. ವಯಸ್ಸಾದವರ ಜೊತೆ ಹೋಗುವವರು ಮಧ್ಯಾಹ್ನದ ವಿಮಾನವನ್ನೇ ನೋಡಿ. ಬೆಳಗಿನದಕ್ಕೆ ನಡುರಾತ್ರಿ ಎಬ್ಬಿಸಬೇಕಾಗುತ್ತದೆ.