ಎರಡು ಜೊತೆ ಯೂನಿಫಾರ್ಮ್, ನಾಲ್ಕು ತಿಂಗಳ ಮಳೆ

ಮೊದಲೇ ಹೇಳಿಬಿಡುತ್ತೇನೆ. ಆಫೀಸಿಗೆ ಸ್ವಂತ ಬಟ್ಟೆ ಹಾಕಿಕೊಂಡು ಹೋಗುವುದೇ ನನಗೆ ಇಷ್ಟ. ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇದ್ದರೆ ಸಾಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಕಳೆದ ಏಳು ವರ್ಷದಲ್ಲಿ ಮೂರು ಕಡೆ ಕೆಲಸ ಮಾಡಿದ್ದೇನೆ, ಮೂರು ಕಡೆಯೂ ಪದ್ಧತಿ ಬೇರೆ. ಶಿವಮೊಗ್ಗದ ಒಂದು ಫೈನಾನ್ಸ್ ಕಂಪನಿಯಲ್ಲಿ ವಾರಪೂರ್ತಿ ಯೂನಿಫಾರ್ಮ್. ಆಮೇಲೆ ತೀರ್ಥಹಳ್ಳಿ ಕಡೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಸೋಮವಾರ ಮಾತ್ರ ಒಂದೇ ಥರದ ಸೀರೆ. ಈಗ ಶಿವಮೊಗ್ಗದಲ್ಲೇ, ದುರ್ಗಿಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ನನ್ನಿಷ್ಟದ ಬಟ್ಟೆ.

ನನ್ನ ಮನೆ ಮಂಡಗದ್ದೆಯಿಂದ ಮೂರು ಕಿಲೋಮೀಟರ್ ಒಳಗೆ. ಟಾರು ರಸ್ತೆವರೆಗೆ ಸ್ಕೂಟಿ, ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 30 ಕಿಲೋಮೀಟರ್ ಬಸ್ಸು. ಕೆಳಗೆ ಬರೆದಿರುವುದೆಲ್ಲ ಈ ದಾರಿಯಲ್ಲಿ ಕಲಿತದ್ದು. ವಿನೋಬನಗರದಲ್ಲಿ ಮನೆ ಇದ್ದು, ಹತ್ತು ನಿಮಿಷ ನಡೆದು ಆಫೀಸು ಸೇರುವವರಿಗೆ ನನ್ನ ತೀರ್ಮಾನ ಹೊಂದದೇ ಇರಬಹುದು.

ಫೈನಾನ್ಸ್ ಕಂಪನಿಗೆ ಸೇರಿದ್ದು ಏಪ್ರಿಲ್‌ನಲ್ಲಿ. ಕೆನೆ ಬಣ್ಣದ ಕುರ್ತಾ, ಕಪ್ಪು ಪ್ಯಾಂಟು, ಮೇಲೆ ಮರೂನ್ ಕೋಟು. ಜೇಬಿನ ಮೇಲೆ ಕಂಪನಿಯ ಗುರುತಿನ ಕಸೂತಿ. ಎರಡು ಜೊತೆಗೆ 4,200 ರೂಪಾಯಿ. ಮೂರು ತಿಂಗಳು ಸಂಬಳದಲ್ಲಿ 1,400ರಂತೆ ಹಿಡಿದುಕೊಂಡರು. ಆಗ ನನ್ನ ಸಂಬಳ 13,500. ಬೇಜಾರಾಯಿತು. ಆದರೂ ಮೊದಲ ಎರಡು ತಿಂಗಳು ಖುಷಿಯಿಂದಲೇ ಹಾಕಿದೆ. ಬೆಳಿಗ್ಗೆ ಎದ್ದು ಏನು ಹಾಕಲಿ ಎಂಬ ಯೋಚನೆ ಇಲ್ಲ. ಬಸ್ಸಿನಲ್ಲಿ ಊರಿನವರು ಸಿಕ್ಕರೆ "ಓ, ಕೆಲಸ ಸಿಕ್ತಾ?" ಅಂತ ಪ್ರೀತಿಯಿಂದ ಕೇಳುತ್ತಿದ್ದರು.

ಆಮೇಲೆ ಜೂನ್ ಬಂತು.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕಷ್ಟ ಮಲೆನಾಡಿನವರಿಗೆ ಹೊಸದಲ್ಲ. ಆರಿದ್ರೆ ಮಳೆ ಹಿಡಿಯಿತೆಂದರೆ ಜಗುಲಿ ತುಂಬ ಹಗ್ಗ, ಬಚ್ಚಲೊಲೆಯ ಮೇಲೆ ಗಳ. ಅಪ್ಪನ ಪಂಚೆ, ಟವೆಲ್ಲು, ಒಳಬಟ್ಟೆ ಎಲ್ಲ ಸರದಿಯ ಮೇಲೆ ಒಲೆಯ ಹತ್ತಿರ ಬರುತ್ತವೆ. "ಪಾಲಿಯೆಸ್ಟರ್ ಅಲ್ವಾ, ಬೇಗ ಒಣಗುತ್ತೆ ಬಿಡು" ಅಂತ ಎಲ್ಲರೂ ಅಂದರು. ಒಂದೇ ಪದರದ ಬಟ್ಟೆಗೆ ಆ ಮಾತು ನಿಜ. ಹತ್ತಿ ಬಟ್ಟೆ ಬರೀ ಗಾಳಿಯಿಂದಲೇ ತನ್ನ ತೂಕದ ಶೇ. 8ರಷ್ಟು ತೇವ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 1ರಷ್ಟನ್ನೂ ಹೀರುವುದಿಲ್ಲ. ನನ್ನ ಕುರ್ತಾ, ಪ್ಯಾಂಟು ರಾತ್ರಿ ಕಳೆಯುವುದರೊಳಗೆ ಹೇಗೋ ಒಣಗುತ್ತಿದ್ದವು.

ತೊಂದರೆ ಇದ್ದದ್ದು ಕೋಟಿನಲ್ಲಿ. ಮೇಲೆ ದಪ್ಪ ಬಟ್ಟೆ, ಒಳಗೆ ಲೈನಿಂಗ್, ನಡುವೆ ಕಾಲರೂ ಎದೆಯೂ ಗಟ್ಟಿಯಾಗಿ ನಿಲ್ಲಲಿ ಅಂತ ಅಂಟಿಸಿದ ಬಕ್ರಂ ಬಟ್ಟೆ, ಭುಜಕ್ಕೆ ಸ್ಪಂಜಿನ ಪ್ಯಾಡ್. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ. ಮುಟ್ಟಿ ನೋಡಿದರೆ ಒಣಗಿದ ಹಾಗೆ ಇರುತ್ತದೆ. ಹಾಕಿಕೊಂಡು ಬಸ್ಸಿನಲ್ಲಿ ಕೂತ ಮೇಲೆ ಭುಜದ ಹತ್ತಿರ ತಣ್ಣಗಾಗುತ್ತದೆ. ರೈನ್‌ಕೋಟ್ ಹಾಕಿದ್ದರೂ ಸ್ಕೂಟಿಯಲ್ಲಿ ಹೋಗುವಾಗ ಕಾಲರಿನಿಂದಲೂ ತೋಳಿನ ತುದಿಯಿಂದಲೂ ನೀರು ಇಳಿದೇ ಇಳಿಯುತ್ತದೆ. ಸಂಜೆ ನೆನೆದ ಕೋಟು ಒಣಗಲು ಮೂರು ದಿನ ಬೇಕು. ನನ್ನ ಹತ್ತಿರ ಇದ್ದದ್ದು ಎರಡು ಕೋಟು.

ಬಚ್ಚಲೊಲೆಯ ಹತ್ತಿರ ತೂಗುಹಾಕಿದೆ. ಒಣಗಿತು, ಆದರೆ ಹೊಗೆ ವಾಸನೆ ಹಿಡಿಯಿತು. ಒಂದು ಸಲ ಬೆಂಕಿಗೆ ಹತ್ತಿರವಾಗಿ ತೋಳಿನ ಲೈನಿಂಗ್ ಮುದುಡಿ ಗಟ್ಟಿಯಾಗಿಬಿಟ್ಟಿತು. ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಲು ಹೋದೆ. ಬಕ್ರಂ ಬಿಟ್ಟುಕೊಂಡು ಕಾಲರಿನ ಮೇಲೆ ಗುಳ್ಳೆ ಎದ್ದವು. ಅದೂ ಕರೆಂಟ್ ಇದ್ದ ದಿನ. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಲೈನ್ ಕಡಿದರೆ ಎರಡು ದಿನ ನಮ್ಮ ಕಡೆ ಕರೆಂಟ್ ಇರುವುದಿಲ್ಲ. ಜುಲೈ ಹೊತ್ತಿಗೆ ಕೋಟಿನ ಒಳಭಾಗದಲ್ಲಿ ಬಿಳೀ ಬೂಷ್ಟು ಬಂತು. ಎಷ್ಟು ಒಗೆದರೂ ಮುಗ್ಗಲು ವಾಸನೆ ಹೋಗಲಿಲ್ಲ. ಕೌಂಟರಿನ ಆಚೆ ನಿಂತಿದ್ದ ಒಬ್ಬ ಹೆಂಗಸು ಮಾತಾಡುತ್ತಾ ಮುಖ ಸ್ವಲ್ಪ ಹಿಂದೆ ಸರಿಸಿಕೊಂಡರು. ಆವತ್ತು ನನಗೆ ಅಳು ಬಂದಿತ್ತು.

ಪುನರ್ವಸು ಮಳೆಯ ಒಂದು ದಿನ ಎರಡೂ ಕೋಟು ಒದ್ದೆ. ಕೆನೆ ಕುರ್ತಾದ ಮೇಲೆ ನನ್ನದೇ ಮರೂನ್ ಸ್ವೆಟರ್ ಹಾಕಿಕೊಂಡು ಹೋದೆ. ಬಣ್ಣ ಹೆಚ್ಚುಕಡಿಮೆ ಅದೇ. ಮ್ಯಾನೇಜರ್ ಸರ್ ಎಲ್ಲರೆದುರು ಕೌಂಟರಿನಿಂದ ಎಬ್ಬಿಸಿ ಹಿಂದಿನ ರೂಮಿಗೆ ಕಳಿಸಿದರು. ಅರ್ಧ ದಿನ ರಜೆ ಬರೆದರು. "ಸರ್, ಒಣಗಲಿಲ್ಲ" ಅಂದೆ. "ಮಳೆಯೇ ಇಲ್ವಲ್ಲ ಮೇಡಂ" ಅಂದರು. ಅವರು ಸುಳ್ಳು ಹೇಳಲಿಲ್ಲ. ಮಂಡಗದ್ದೆಯಲ್ಲಿ ಮುಖಕ್ಕೆ ರಾಚುವ ಮಳೆ ಗಾಜನೂರು ದಾಟುವಷ್ಟರಲ್ಲಿ ತುಂತುರಾಗಿರುತ್ತದೆ. ಪೇಟೆಯೊಳಗೆ ಎಷ್ಟೋ ದಿನ ರಸ್ತೆ ಒಣಗಿರುತ್ತದೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಕೋಟು ಆರಿಸಿದ ಹೆಡ್ಡಾಫೀಸು ಇದ್ದದ್ದು ಬೆಂಗಳೂರಿನಲ್ಲಿ, ಅಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸು. ಹೊಸನಗರದ ಬ್ರಾಂಚಿಗೂ ಬೆಂಗಳೂರಿನ ಬ್ರಾಂಚಿಗೂ ಒಂದೇ ಲೈನಿಂಗ್ ಕೋಟು. ಇದು ಸರಿಯಲ್ಲ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಆಗಸ್ಟ್‌ನಲ್ಲಿ ಕಂಕುಳಿನ ಹತ್ತಿರ ಹುಳಕಡ್ಡಿ ಆಯಿತು. ಚರ್ಮದ ಡಾಕ್ಟರು ಮೊದಲು ಕೇಳಿದ್ದೇ "ಒದ್ದೆ ಬಟ್ಟೆ ಹಾಕ್ಕೊಳ್ತೀರಾ?" ಅಂತ. ಫೀಸು, ಮಾತ್ರೆ, ಮುಲಾಮು ಸೇರಿ 1,100 ರೂಪಾಯಿ. ಯೂನಿಫಾರ್ಮಿನ ಖರ್ಚು ಲೆಕ್ಕ ಹಾಕುವಾಗ ಇದನ್ನೂ ಸೇರಿಸಲೇಬೇಕು. ಎರಡು ಮಳೆಗಾಲ ತಡೆದೆ. ಮೂರನೆಯದಕ್ಕೆ ಮೊದಲು ಕೆಲಸ ಬಿಟ್ಟೆ.

ಸೊಸೈಟಿಯ ಸೋಮವಾರದ ಸೀರೆ ಇದಕ್ಕಿಂತ ಎಷ್ಟೋ ವಾಸಿ. ಸೀರೆ ಅವರೇ ಕೊಟ್ಟರು, ಸಂಬಳದಲ್ಲಿ ಒಂದು ಪೈಸೆ ಹಿಡಿಯಲಿಲ್ಲ. ತೆಳ್ಳಗಿನ ಸಿಂಥೆಟಿಕ್, ಒಂದೇ ಪದರ. ರಾತ್ರಿ ಅಡುಗೆಮನೆಯಲ್ಲಿ ಹರಡಿದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು. ವಾರಕ್ಕೆ ಒಂದೇ ದಿನವಾದ್ದರಿಂದ ಒಂದೇ ಸೀರೆ ಸಾಕಾಗುತ್ತಿತ್ತು. ಕೆಸರಿನ ರಸ್ತೆಯಲ್ಲಿ ಸೀರೆ ಉಟ್ಟು ಸ್ಕೂಟಿ ಓಡಿಸುವುದು ಮಾತ್ರ ಕಷ್ಟ, ಸೆರಗು ಚಕ್ರಕ್ಕೆ ಸಿಗುತ್ತದೋ ಎಂಬ ಹೆದರಿಕೆ ಬೇರೆ. ನನಗೆ ಹಿಡಿಸದೇ ಇದ್ದದ್ದು ಇನ್ನೊಂದು ವಿಷಯ. ಸೀರೆ ಇದ್ದದ್ದು ನಮ್ಮ ನಾಲ್ಕು ಜನ ಹೆಂಗಸರಿಗೆ. ಗಂಡಸರಿಗೆ ಯಾವ ನಿಯಮವೂ ಇಲ್ಲ. ಸಂಸ್ಥೆಗೆ ಶಿಸ್ತು ಬೇಕು ಅಂದರೆ ಅವರೂ ಒಂದೇ ಬಣ್ಣದ ಅಂಗಿ ಹಾಕಲಿ ಅಂತ ಕೇಳಿದೆ. "ನೋಡೋಣಮ್ಮ" ಅಂದರು. ನಾನು ಇದ್ದ ಎಂಟು ತಿಂಗಳಲ್ಲಿ ಆಗಲಿಲ್ಲ.

ಈಗಿನ ಆಫೀಸಿನ ನಿಯಮ ಸಣ್ಣದು: ಬಟ್ಟೆ ಶುಚಿಯಾಗಿರಬೇಕು, ಐಡಿ ಕಾರ್ಡ್ ಇರಬೇಕು. ಮಳೆಗಾಲಕ್ಕೆ ನಾನು ತೆಳ್ಳಗಿನ, ಕಡು ಬಣ್ಣದ, ಲೈನಿಂಗ್ ಇಲ್ಲದ ಕುರ್ತಾಗಳನ್ನು ಬೇರೆಯೇ ಇಟ್ಟಿದ್ದೇನೆ. ಪ್ಯಾಂಟು ಕಣಕಾಲಿಗಿಂತ ಸ್ವಲ್ಪ ಮೇಲೆ, ಕೆಸರು ತಾಗುವುದಿಲ್ಲ. ಒಂದು ಜೊತೆ ಆಫೀಸಿನ ಡ್ರಾಯರಿನಲ್ಲೇ ಇರುತ್ತದೆ. ನೆನೆದು ಬಂದರೆ ಬದಲಾಯಿಸುತ್ತೇನೆ, ಯಾರೂ ಏನೂ ಕೇಳುವುದಿಲ್ಲ. ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆಯವರು ನೇಯುವ ಕೈಮಗ್ಗದ ಬಟ್ಟೆ ನನಗೆ ತುಂಬ ಇಷ್ಟ, ಅದರಲ್ಲೂ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಬಣ್ಣ ಹಾಕಿದ್ದು. ಆದರೆ ಅದು ದಪ್ಪ ಹತ್ತಿ, ಜುಲೈನಲ್ಲಿ ಒಣಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಗೆ ತೆಗೆಯುತ್ತೇನೆ. ಯಾವ ತಿಂಗಳಿಗೆ ಯಾವ ಬಟ್ಟೆ ಎಂಬುದು ನನಗೆ ಗೊತ್ತು. ಅದನ್ನು ನನಗೇ ಬಿಟ್ಟಿದ್ದಾರೆ, ಅದೇ ದೊಡ್ಡ ನೆಮ್ಮದಿ.

ಖರ್ಚು? ವರ್ಷಕ್ಕೆ ಐದಾರು ಕುರ್ತಾ, ಹೆಚ್ಚೆಂದರೆ 3,500 ರೂಪಾಯಿ. ಅವನ್ನೇ ಪೇಟೆಗೂ ಹಾಕುತ್ತೇನೆ, ನೆಂಟರ ಮನೆಗೂ ಹಾಕುತ್ತೇನೆ. ಕಸೂತಿ ಇದ್ದ ಕೋಟನ್ನು ಕೆಲಸ ಬಿಟ್ಟ ಮೇಲೆ ಯಾರಿಗೂ ಕೊಡಲಿಕ್ಕೂ ಆಗಲಿಲ್ಲ.

ಯೂನಿಫಾರ್ಮಿನ ಪರವಾಗಿ ಒಂದು ಮಾತು ನನ್ನನ್ನು ಇವತ್ತಿಗೂ ಯೋಚನೆಗೆ ಹಚ್ಚುತ್ತದೆ. ಫೈನಾನ್ಸ್ ಕಂಪನಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಹೇಳಿದ್ದು: "ಅಕ್ಕ, ನನ್ನ ಹತ್ರ ಇರೋದೇ ಮೂರು ಚೂಡಿದಾರ. ಇದು ಇಲ್ದಿದ್ರೆ ದಿನಾ ಎಲ್ರೂ ನನ್ನ ಬಟ್ಟೆ ನೋಡ್ತಿದ್ರು." ಅವಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವಳ ಸಂಬಳದಲ್ಲೂ 4,200 ಹಿಡಿದಿದ್ದರು. ಆ ದುಡ್ಡಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಆರೇಳು ಚೂಡಿದಾರ ಬರುತ್ತಿದ್ದವು. ಎಲ್ಲರೂ ಒಂದೇ ಥರ ಕಾಣಲಿ ಎಂಬ ಆಸೆ ಇದ್ದರೆ ಎರಡು ಬಣ್ಣ ಹೇಳಿ, ಬಟ್ಟೆ ಅವರವರು ಆರಿಸಿಕೊಳ್ಳಲಿ.

ಬಸ್ ಕಂಡಕ್ಟರಿಗೆ, ನರ್ಸಿಗೆ, ಪೋಸ್ಟ್‌ಮ್ಯಾನಿಗೆ ಯೂನಿಫಾರ್ಮ್ ಬೇಕು. ಅವರನ್ನು ಜನ ದೂರದಿಂದಲೇ ಗುರುತಿಸಬೇಕಾಗುತ್ತದೆ. ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಬರೆಯುವವಳಿಗೆ ಅದರ ಅಗತ್ಯ ಏನು? ಕೋರ್ಟಿನಂಥ ಕಡೆಯಲ್ಲೂ ಸಡಿಲಿಕೆ ಇದೆ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ವಕೀಲರಿಗೆ ಕಪ್ಪು ಕೋಟು ಕಡ್ಡಾಯವಲ್ಲ ಎಂಬುದು ಬಾರ್ ಕೌನ್ಸಿಲ್ ನಿಯಮ. ಜಪಾನಿನಲ್ಲಿ 2005ರಲ್ಲಿ ಸರ್ಕಾರವೇ ಮುಂದೆ ನಿಂತು, ಬೇಸಿಗೆಯಲ್ಲಿ ಕೋಟು, ಟೈ ಬಿಟ್ಟು ಆಫೀಸಿಗೆ ಬನ್ನಿ, ಎ.ಸಿ.ಯನ್ನು 28 ಡಿಗ್ರಿಯಲ್ಲಿಡಿ ಎಂದಿತು. ಸೆಕೆಗೆ ಅಷ್ಟು ವಿನಾಯಿತಿ ಕೊಡಬಹುದಾದರೆ ಮಲೆನಾಡಿನ ಮಳೆಗೂ ಕೊಡಬಹುದು, ಅಲ್ವಾ?

ಹಾಗಾಗಿ ನನ್ನ ಮೊದಲ ಆಯ್ಕೆ ಸ್ವಂತ ಬಟ್ಟೆ. ಎರಡನೆಯದು, ಸಂಸ್ಥೆಯೇ ಕೊಡಿಸುವ ವಾರಕ್ಕೊಂದು ದಿನದ ಬಟ್ಟೆ, ಗಂಡಸರಿಗೂ ಹೆಂಗಸರಿಗೂ. ವಾರಪೂರ್ತಿ ಯೂನಿಫಾರ್ಮ್ ಬೇಕೇ ಬೇಕು ಎನ್ನುವ ಕಂಪನಿ ಕನಿಷ್ಠ ನಾಲ್ಕು ಜೊತೆ ಕೊಡಬೇಕು, ದುಡ್ಡು ಅವರೇ ಹಾಕಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಟು ಕೇಳಬಾರದು.

ನನ್ನ ಚಿಕ್ಕಪ್ಪನ ಮಗಳಿಗೆ ಶಿವಮೊಗ್ಗದಲ್ಲೇ ಕೆಲಸ ಸಿಕ್ಕಿದೆ. ಜೂನ್ ಒಂದಕ್ಕೆ ಸೇರಬೇಕು. ಯೂನಿಫಾರ್ಮ್ ಇದೆಯಂತೆ, ಎರಡು ಜೊತೆ. ಕೋಟಿಗೆ ಲೈನಿಂಗ್ ಇದೆಯಾ ಅಂತ ಮೊದಲು ಕೇಳಿಕೊಂಡು ಬಾ ಅಂದೆ. ಇದೆಯಂತೆ. ಮೂರನೇ ಜೊತೆಯ ದುಡ್ಡು ನಾನು ಕೊಡುತ್ತೇನೆ ಅಂತ ಹೇಳಿದ್ದೇನೆ.