ಮುನ್ನೂರು ಗಜ ಎಂದರೆ ಎಲ್ಲಿಯವರೆಗೆ? ಟೇಪು, ಮೊಬೈಲ್, ಲೇಸರ್ ಮತ್ತು ಟಿವಿ ಗಾಲ್ಫ್

ಟಿವಿಯಲ್ಲಿ ಗಾಲ್ಫ್ ನಡೆಯುವಾಗ ಆಟಗಾರ ಹೊಡೆದ ಚೆಂಡು ಹೋದ ದೂರ ಪರದೆಯ ಮೂಲೆಯಲ್ಲಿ ‘318 ಗಜ’ ಎಂದು ಮೂಡುತ್ತದೆ. ಹದಿನಾಲ್ಕು ಕ್ರಿಕೆಟ್ ಪಿಚ್‌ಗಳನ್ನು ಉದ್ದಕ್ಕೆ ಹಾಸಿದರೂ ಇನ್ನು ಹತ್ತು ಗಜ ಉಳಿಯುವಷ್ಟು ದೂರ. ಸುಮಾರು 291 ಮೀಟರ್. ಇಷ್ಟು ದೂರವನ್ನು ಕ್ಷಣದಲ್ಲಿ ಅಳೆಯುವುದು ಹೇಗೆ ಎಂಬ ಕುತೂಹಲಕ್ಕೆ, ಕೈಗೆ ಸಿಕ್ಕ ಸಾಧನಗಳನ್ನೆಲ್ಲ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪರೀಕ್ಷಿಸಿ ನೋಡಿದೆ.

ಮನೆ ಕಟ್ಟುವವರ ಮೂವತ್ತು ಮೀಟರ್ ಟೇಪು ಹತ್ತಿರದ ದೂರಕ್ಕೆ ನಿಖರ. ಉದ್ದವಾದಂತೆ ಗಾಳಿಗೆ ಹೊಟ್ಟೆ ಬಿಡುತ್ತದೆ, ಆ ತುದಿ ಹಿಡಿಯಲು ಇನ್ನೊಬ್ಬರೂ ಬೇಕು.

ಮೊಬೈಲ್‌ನ ಜಿಪಿಎಸ್ ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ಆಗುತ್ತದೆ. ನೂರೈವತ್ತು ಮೀಟರ್‌ಗೆ ಅದು ನಡೆಯುತ್ತದೆ, ಹತ್ತು ಅಡಿಯ ಪಟ್‌ಗೆ (ಕುಳಿಯ ಹತ್ತಿರದಿಂದ ಚೆಂಡನ್ನು ಉರುಳಿಸುವ ಮೆಲು ಹೊಡೆತ) ನಿಷ್ಪ್ರಯೋಜಕ. ಶಿರಸಿಯಲ್ಲಿರುವ ಭಾವನ ಅಡಿಕೆ ತೋಟದೊಳಗೆ ಇದನ್ನೇ ತೆರೆದರೆ, ನಿಂತಲ್ಲೇ ನಿಂತಿದ್ದರೂ ನೀಲಿ ಚುಕ್ಕೆ ಪಕ್ಕದವರ ತೋಟಕ್ಕೆ ಹೋಗಿ ಬಂತು. ‘ಸರ್ವೆಯವರು ಬಂದಾಗ ಇದನ್ನು ತೋರಿಸಬೇಡ ಮಾರಾಯ’ ಎಂದ ಭಾವ.

ಇವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕ. ಬೆಳಕಿನ ಮಿಡಿತ ಗುರಿಗೆ ಬಡಿದು ಮರಳಲು ಹಿಡಿದ ಸಮಯದಿಂದ ಅದು ದೂರವನ್ನು ಲೆಕ್ಕ ಹಾಕುತ್ತದೆ. ಗಾಳಿಮರದ ಬೊಡ್ಡೆಗೆ ಹಿಡಿದರೆ ಉತ್ತರ ತಕ್ಷಣ ಬರುತ್ತದೆ. ಆದರೆ ಮರಳಿನಲ್ಲಿ ನೆಟ್ಟ ತೆಳುವಾದ ಬಿದಿರು ಕೋಲಿಗೆ ಹಿಡಿದಾಗ ಕಿರಣ ಪಕ್ಕದಿಂದ ನುಸುಳಿ ಹಿಂದಿನ ಮರಗಳ ದೂರವನ್ನು ತೋರಿಸಿತು. ಕೋಲಿಗೆ ಸೈಕಲ್‌ನ ರಿಫ್ಲೆಕ್ಟರ್ ಕಟ್ಟಿದ ಮೇಲೆ ಸರಿಹೋಯಿತು. ಗಾಲ್ಫ್ ಮೈದಾನಗಳಲ್ಲಿ ಕುಳಿಯಲ್ಲಿ ನೆಟ್ಟ ಬಾವುಟದ ಕೋಲಿಗೆ ಪ್ರತಿಫಲಕ ಕೂರಿಸುವುದೂ ಇದಕ್ಕೇ. ಇಳಿಜಾರಿನಲ್ಲಿ ಇನ್ನೊಂದು ತೊಡಕಿದೆ: ಲೇಸರ್ ಅಳೆಯುವುದು ಓರೆ ಗೆರೆಯನ್ನು. ಭಾವನ ಅಂಗಳದಿಂದ ಕೆಳಗಿನ ತೋಟಕ್ಕೆ 15 ಡಿಗ್ರಿ ಇಳಿಜಾರಿದೆ ಎಂದುಕೊಳ್ಳಿ. ಅದು ತೋರಿಸುವ ನೂರು ಮೀಟರ್ ನಕ್ಷೆಯ ಮೇಲೆ ತೊಂಬತ್ತಾರೂವರೆ ಮಾತ್ರ. ಸ್ಪರ್ಧೆಯಲ್ಲಿ ಏರಿಳಿತ ಅಳೆಯುವ ಸೌಲಭ್ಯ ಬಳಸುವುದನ್ನು ಗಾಲ್ಫ್ ನಿಯಮ ಒಪ್ಪುವುದಿಲ್ಲ. ಬರೀ ದೂರ ಅಳೆಯಲು 2019ರ ನಿಯಮಾವಳಿಯಿಂದ ಸಾಮಾನ್ಯ ಅನುಮತಿ ಇದೆ.

ಇನ್ನು ಟಿವಿಯವರದ್ದು. ಹಾರುವ ಚೆಂಡಿನ ಹಿಂದೆ ಪರದೆಯಲ್ಲಿ ಬಣ್ಣದ ಬಾಲ ಬಿಡಿಸುವ ಸ್ವೀಡನ್ ಮೂಲದ ಟಾಪ್‌ಟ್ರೇಸರ್ ಕ್ಯಾಮೆರಾ ನಂಬಿದೆ. ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ರೇಡಾರ್ ಮೂಲಕ ಚೆಂಡಿನ ವೇಗ, ಏರುವ ಕೋನಗಳನ್ನು ಹಿಡಿಯುತ್ತದೆ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಶಾಟ್‌ಲಿಂಕ್ ದಾರಿಯೇ ಬೇರೆ: ಮೈದಾನವನ್ನು ಮೊದಲೇ ಅಳೆದು ನಕ್ಷೆ ಮಾಡಿಕೊಂಡು, ಚೆಂಡು ನಿಂತ ಜಾಗವನ್ನು ಅದರಲ್ಲಿ ಗುರುತಿಸಿ, ಅಲ್ಲಿಂದ ಕುಳಿಗೆ ಎಷ್ಟು ಎಂದು ಹೇಳುತ್ತದೆ. ಬಹುಕಾಲ ಈ ಗುರುತಿಸುವ ಕೆಲಸವನ್ನು ಸ್ವಯಂಸೇವಕರು ಲೇಸರ್ ಹಿಡಿದು ಮಾಡುತ್ತಿದ್ದರು.

ನನ್ನ ಮತ ಶಾಟ್‌ಲಿಂಕ್‌ಗೆ. ಕಾರಣ ತಿಳಿಯಲು ಕಡಲು ಇಳಿದ ಹೊತ್ತಿನಲ್ಲಿ ಟೆನ್ನಿಸ್ ಚೆಂಡೊಂದನ್ನು ಬೀಸಿ ಎಸೆದು ನೋಡಿ. ಒದ್ದೆ ಗಟ್ಟಿ ಮರಳಿನ ಮೇಲೆ ಬಿದ್ದರೆ ಪುಟಿದು ಬಹುದೂರ ಉರುಳುತ್ತದೆ. ಒಣ ಮರಳಿಗೆ ಬಿದ್ದರೆ ಅಲ್ಲೇ ನಿಂತುಬಿಡುತ್ತದೆ. ಗಾಳಿಯಲ್ಲಿ ಹಾರಿದ್ದು ಅಷ್ಟೇ, ಒಟ್ಟು ದೂರ ಮಾತ್ರ ಬೇರೆ. ಹಾರಿದ ದೂರಕ್ಕೆ ಗಾಲ್ಫ್‌ನಲ್ಲಿ ‘ಕ್ಯಾರಿ’ ಎನ್ನುತ್ತಾರೆ. ಟೂರ್‌ನಲ್ಲಿ ಡ್ರೈವಿಂಗ್ ಸರಾಸರಿ, ಅಂದರೆ ಆರಂಭದ ದೂರದ ಹೊಡೆತಗಳ ಸರಾಸರಿ, ಲೆಕ್ಕ ಹಾಕುವುದು ಚೆಂಡು ನಿಂತ ಜಾಗದವರೆಗೆ, ಅದು ಹುಲ್ಲಿನ ಪೊದೆಯೊಳಗೆ ನಿಂತಿದ್ದರೂ ಸರಿ. ಅದಕ್ಕಾಗಿ ಪ್ರತಿ ಸುತ್ತಿನಲ್ಲಿ ಆದಷ್ಟೂ ಎದುರುಬದುರು ದಿಕ್ಕಿನ ಎರಡು ಹೋಲ್‌ಗಳನ್ನು (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಹಾದಿ) ಆರಿಸುತ್ತಾರೆ, ಗಾಳಿಯ ಲಾಭ ನಷ್ಟ ಸರಿದೂಗಲಿ ಎಂದು. ಮಧ್ಯಾಹ್ನದ ಕಡಲಗಾಳಿಗೆ ಎದುರಾಗಿ ಒಮ್ಮೆ, ಬೆನ್ನು ಕೊಟ್ಟು ಒಮ್ಮೆ ಎಸೆದವರಿಗೆ ಈ ಏರ್ಪಾಡಿನ ಜಾಣತನ ಅರ್ಥವಾಗುತ್ತದೆ.

ಬಣ್ಣದ ಬಾಲ ಕಣ್ಣಿಗೆ ಹಬ್ಬವೇ. ಆದರೆ ಅದರ ಪಕ್ಕದ ಅಂಕಿ ಕ್ಯಾರಿಯೋ ಒಟ್ಟು ದೂರವೋ ಎಂದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಪ್ರಾಯೋಜಕರ ಗುರುತಿಗೆ ಅಷ್ಟಗಲ ಜಾಗ ಕೊಡುವವರು ಆ ಒಂದು ಪದಕ್ಕೂ ಕೊಡಬಹುದಿತ್ತು.