ಆನ್‌ಲೈನ್ ವಯಲಿನ್ ಕ್ಲಾಸ್: ಆಪ್‌ಗೆ ಮೂರು ಸ್ಟಾರ್, ಟೀಚರ್‌ಗೆ ಸ್ಟಾರ್ ಕೇಳಲೇಬೇಡಿ

ವಯಲಿನ್ ಹೇಳಿಕೊಡುವ ಆಪ್ ಒಂದರ ರಿವ್ಯೂ ಇದು. ಹೆಸರು ಬೇಡ ಬಿಡಿ. ತಾಂತ್ರಿಕ ವಿಷಯ ಬೇಗ ಮುಗಿಸುತ್ತೇನೆ. ಬುಕಿಂಗ್ ಸಲೀಸು, ವಿಡಿಯೋ ಸ್ಪಷ್ಟ, ಕ್ಲಾಸಿನ ರೆಕಾರ್ಡಿಂಗ್ ಸಿಗುತ್ತದೆ. ನಾಯ್ಸ್ ಸಪ್ರೆಷನ್ (ಹಿನ್ನೆಲೆಯ ಸದ್ದು ಅಳಿಸುವ ಸೆಟ್ಟಿಂಗ್) ಮಾತ್ರ ಮೊದಲೇ ಆಫ್ ಮಾಡಿಕೊಳ್ಳಿ. ಇಲ್ಲಾಂದ್ರೆ ನೀವು ಎಳೆದ ಉದ್ದನೆಯ ಸ್ವರವನ್ನು ಫ್ಯಾನಿನ ಸದ್ದು ಅಂದುಕೊಂಡು ನುಂಗಿಬಿಡುತ್ತದೆ. ಟೀಚರ್ ಜೊತೆಗೇ ನುಡಿಸುವ ಆಸೆಯಂತೂ ಇಟ್ಟುಕೊಳ್ಳಬೇಡಿ, ಸದ್ದು ಆ ಕಡೆ ತಲುಪಿ ವಾಪಸ್ ಬರುವಷ್ಟರಲ್ಲಿ ತಾಳ ಎಲ್ಲೋ ಹೋಗಿರುತ್ತದೆ.

ನನ್ನ ತಕರಾರು ಬೇರೆ. ಪ್ರತಿ ಕ್ಲಾಸ್ ಮುಗಿದ ತಕ್ಷಣ ಆಪ್ ಕೇಳುತ್ತದೆ: ನಿಮ್ಮ ಟೀಚರ್‌ಗೆ ಎಷ್ಟು ಸ್ಟಾರ್? ಸ್ಟಾರ್ ಕಡಿಮೆಯಾದರೆ ಅವರ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಹೊಸ ವಿದ್ಯಾರ್ಥಿಗಳು ಬರುವುದಿಲ್ಲ. ಇಂಥ ಕಡೆ ಯಾರು ತಾನೇ ತಪ್ಪನ್ನು ತಪ್ಪು ಅಂತಾರೆ?

ನನಗೆ ಮೊದಲು ಸಿಕ್ಕ ಮೇಡಂ ಮಾತ್ರ ಹಾಗೆ ಅಂದರು. ಕ್ಯಾಮೆರಾವನ್ನು ಪಕ್ಕಕ್ಕೆ ಇಡಿಸಿದರು, ಮುಖ ಕಾಣದಿದ್ದರೂ ಪರವಾಗಿಲ್ಲ, ಬಲಗೈ ಕಾಣಬೇಕು ಅಂತ. ಬೋ (ತಂತಿ ಮೇಲೆ ಎಳೆಯುವ ಕಮಾನು) ತುದಿಯವರೆಗೆ ಎಳೆಯುವಾಗ ನನ್ನ ಮೊಣಕೈ ಹಿಂದಕ್ಕೆ ಹೋಗುತ್ತಿತ್ತು, ಬೋ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಹತ್ತಿರ ನಿಲ್ಲದೆ, ಬೆರಳು ಒತ್ತುವ ಫಿಂಗರ್‌ಬೋರ್ಡ್ ಕಡೆ ಜಾರುತ್ತಿತ್ತು, ಸದ್ದು ತೆಳ್ಳಗಾಗುತ್ತಿತ್ತು. "ಹಾಡು ಆಮೇಲೆ. ಖಾಲಿ ತಂತಿ ಎಳೀರಿ, ಕಣ್ಣು ಬೋ ಮೇಲಿರಲಿ" ಅಂದರು. ಎಷ್ಟೋ ಕ್ಲಾಸು ಅದೇ. ಬೇಜಾರಾಯಿತು, ಸಿಟ್ಟೂ ಬಂತು, ಆದರೆ ಸದ್ದು ತುಂಬಿಕೊಂಡಿತು. ಆಮೇಲೆ ಅವರ ಸಮಯ ಹೊಂದುತ್ತಿಲ್ಲ ಅಂತ ಆಪ್ ತಾನಾಗಿಯೇ ಇನ್ನೊಬ್ಬರನ್ನು ಕೊಟ್ಟಿತು. ಹೊಸ ಸರ್ ತುಂಬಾ ಒಳ್ಳೆಯವರು, ನಗುಮುಖ. ಸ್ವಲ್ಪ ದಿನದಲ್ಲೇ ಬೋ ಮತ್ತೆ ಜಾರಲು ಶುರುವಾಯಿತು, ನನಗೇ ಕೇಳಿಸುತ್ತಿತ್ತು. ಅವರು "ಸೂಪರ್" ಅಂದರು.

ಸಿಹಿ ಮಾತೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ತಂಡ ದೊಡ್ಡ ಪಿಯಾನೋ ಕಲಾವಿದರನ್ನು ಮಾತನಾಡಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಇದೆ: ಅವರ ಮೊದಲ ಟೀಚರ್‌ಗಳು ಮಹಾ ವಿದ್ವಾಂಸರೇನಲ್ಲ, ಪ್ರೀತಿಯಿಂದ ಹೇಳಿಕೊಡುವವರು. ಪಟ್ಟು ಹಿಡಿದು ಮಾಡಿಸುವವರು ಆಮೇಲೆ ಬಂದರು. ಸ್ಟಾರ್‌ಗಳ ಈ ವ್ಯವಸ್ಥೆಯಲ್ಲಿ ಆ 'ಆಮೇಲೆ' ಬರುವುದೇ ಇಲ್ಲ, ಎಲ್ಲರೂ ಕೊನೆತನಕ ಮೊದಲ ಟೀಚರ್ ಆಗಿಯೇ ಉಳಿಯುತ್ತಾರೆ.

ವಿದ್ಯಾರ್ಥಿಗಳೂ ಒಂದೇ ಥರ ಇರಲ್ಲ ನೋಡಿ. ಚಿಕ್ಕವರಿಗೆ ಟೀಚರ್ ಬೈಯದಿದ್ದರೆ ಸಾಕು. ಹದಿಹರೆಯದವರಿಗೆ ಟೀಚರ್ ನುಡಿಸುವುದನ್ನು ಕೇಳಿ ಮೆಚ್ಚುಗೆ ಬರಬೇಕು, ಬರದಿದ್ದರೆ ಮಾತು ಕೇಳಲ್ಲ. ದೊಡ್ಡವರಾದ ಮೇಲೆ ಕಲಿಯಲು ಬಂದ ನಮ್ಮಂಥವರದು ಇನ್ನೊಂದು ಫಜೀತಿ: ಆಫೀಸಿನಲ್ಲಿ ಹತ್ತು ಜನಕ್ಕೆ ಹೇಳುವವರು ಇಲ್ಲಿ ಕ್ಲಾಸ್ ಶುರುವಾಗುವ ಮೊದಲೇ "ಈ ವಾರ ಪ್ರಾಕ್ಟೀಸ್ ಆಗ್ಲಿಲ್ಲ ಮೇಡಂ" ಅಂತ ತಲೆ ಕೆರೆದುಕೊಳ್ಳುತ್ತೇವೆ. ಆದರೆ ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವುದು ಟೀಚರ್‌ಗೆ ನೆನಪಿರಬೇಕು ಅಂತ ಎಲ್ಲರಿಗೂ ಇರುತ್ತದೆ. ಟೀಚರ್ ಬದಲಾದಾಗ ಆಪ್ ಹೊಸಬರಿಗೆ ದಾಟಿಸುವುದು ನಮ್ಮ ಹೆಸರು ಮತ್ತು 'ಲೆವೆಲ್' ಮಾತ್ರ. ಮೊಣಕೈ ಕಥೆ ಅದರಲ್ಲಿ ಇರಲ್ಲ. ಕ್ಲಾಸಿನ ಕೊನೆಯಲ್ಲಿ ಟೀಚರ್ ಎರಡು ಸಾಲು ಟಿಪ್ಪಣಿ ಬರೆಯುವ ಜಾಗ ಇಟ್ಟಿದ್ದರೂ ಸಾಕಿತ್ತು, ಅಲ್ವಾ?

ಸುಮ್ನೆ ಒಂದು ವಾದ್ಯ ಕೈಗೆತ್ತಿಕೊಂಡು ನೋಡೋಣ ಅನ್ನುವವರು ಧಾರಾಳವಾಗಿ ಸೇರಿ. ಪರೀಕ್ಷೆ, ಕಛೇರಿ ಅಂತ ಗುರಿ ಇದ್ದರೆ ಟ್ರಯಲ್ ಕ್ಲಾಸಿಗೆ ಮೊದಲೇ ಸಪೋರ್ಟ್‌ನವರನ್ನು ಕೇಳಿ: ಇದೇ ಟೀಚರ್ ಉಳಿಯುತ್ತಾರಾ, ನನ್ನನ್ನು ಕೇಳದೆ ಬದಲಿಸುತ್ತೀರಾ? ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಟ್ರಯಲ್‌ನಲ್ಲಿ ಬೇಕಂತಲೇ ಬೋ ಸೊಟ್ಟಗೆ ಎಳೆಯಿರಿ. ಯಾರು ನಿಲ್ಲಿಸಿ ತಿದ್ದುತ್ತಾರೋ ಅವರ ಹತ್ತಿರವೇ ಬುಕ್ ಮಾಡಿ.